ಭರಣಿಯನ್ನು ಮುಂದಿಟ್ಟುಕೊಂಡು ಅಜ್ಜಿಯ ಬದುಕು ಬರೆದೆ

ಅಜ್ಜಿಯ ವರ್ಷಾಂತಿಕಕ್ಕೆ ಬರುವ ನೆಂಟರ ಕೈಗೆ ಅವಳ ಬದುಕಿನದೊಂದು ಸಣ್ಣ ಪುಸ್ತಿಕೆ ಕೊಡಬೇಕೆಂದು ಮನಸ್ಸಾಯಿತು. ಬರೆಯಲು ಕುಳಿತರೆ ಮೊದಲ ಸಾಲೇ ಹೊರಡಲಿಲ್ಲ. ಅವಳು ಯಾವಾಗ ಹುಟ್ಟಿದಳೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ 1940ರ ಜನವರಿ 1 ಎಂದಿತ್ತು. ಅದು ಯಾರೋ ಅಂದಾಜಿಗೆ ತುಂಬಿದ ದಿನ.

ದಾರಿ ತೋರಿಸಿದವಳು ಅಜ್ಜಿಯ ತಂಗಿ, ನಮ್ಮ ಚಿಕ್ಕಜ್ಜಿ. "ಅಕ್ಕ ಈಶ್ವರ ಸಂವತ್ಸರದ ಆಷಾಢದಲ್ಲಿ ಹುಟ್ಟಿದವಳು ಎಂದು ಅಮ್ಮ ಹೇಳುತ್ತಿದ್ದಳು" ಎಂದಳು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಈಶ್ವರ ಬಂದದ್ದು 1937ರ ಯುಗಾದಿಗೆ, ಮತ್ತೆ 1997ಕ್ಕೆ. ಅಲ್ಲಿಗೆ ಅಜ್ಜಿ ಹುಟ್ಟಿದ್ದು 1937ರ ಮಳೆಗಾಲದಲ್ಲಿ ಎಂದು ಖಚಿತವಾಯಿತು. ಅಂದಿನಿಂದ ನಾನು ಹಿರಿಯರನ್ನು ಇಸವಿ ಕೇಳುವುದನ್ನು ಬಿಟ್ಟೆ. ಸಂವತ್ಸರ ಯಾವುದು, ಮುಳುಗಡೆಗೆ ಮೊದಲೋ ಆಮೇಲೋ, ಆಗ ಯಾರು ಹೊಟ್ಟೆಯಲ್ಲಿದ್ದರು ಎಂದು ಕೇಳಿದರೆ ಕಾಲ ತಾನಾಗಿ ಸಿಗುತ್ತದೆ.

ಮುಳುಗಡೆ ಎಂದರೆ ಲಿಂಗನಮಕ್ಕಿ. 1964ರಲ್ಲಿ ಅಣೆಕಟ್ಟು ಮುಗಿದು ಶರಾವತಿ ನಿಂತಾಗ ಅಜ್ಜಿಯ ಮನೆ, ತೋಟ, ಗದ್ದೆ ಎಲ್ಲವೂ ನೀರಿನಡಿಗೆ ಹೋದವು. ಅವಳಿಗೆ ಆಗ 27 ವರ್ಷ, ಎರಡು ಮಕ್ಕಳು. ಇಷ್ಟು ನನಗೂ ಗೊತ್ತಿತ್ತು. ಹೆಚ್ಚಿನದನ್ನು ಕೇಳಿದರೆ ನೆಂಟರೆಲ್ಲರದೂ ಒಂದೇ ಮಾತು: ದೇವರಂಥವಳು, ತಾನು ಉಣ್ಣದೆ ನಮಗೆ ಬಡಿಸಿದವಳು. ಸುಳ್ಳಲ್ಲ. ಆದರೆ ಆ ಮಾತಿನಲ್ಲಿ ನನ್ನ ಅಜ್ಜಿಯ ಮುಖ ಕಾಣಲಿಲ್ಲ.

ಆಗ ಕೇಳುವ ರೀತಿ ಬದಲಿಸಿದೆ. ಅವಳ ಉಪ್ಪಿನಕಾಯಿ ಭರಣಿಯನ್ನು ಚೀಲದಲ್ಲಿಟ್ಟುಕೊಂಡು ಮನೆಮನೆಗೆ ಹೋದೆ. ಕಂದು ಬಣ್ಣದ ಪಿಂಗಾಣಿ ಭರಣಿ, ಕುತ್ತಿಗೆಯ ಬಳಿ ಕೂದಲೆಳೆಯಂಥ ಬಿರುಕು. ಅದನ್ನು ಚಿಕ್ಕಜ್ಜಿಯ ಮುಂದಿಟ್ಟೆ. ಅವಳು ಮಾತಾಡಲಿಲ್ಲ. ಮುಚ್ಚಳ ತೆಗೆದು ಮೂಸಿದಳು, ಅಂಗೈಯಿಂದ ಬಾಯಿಯ ಸುತ್ತ ಸವರಿದಳು, ಆಮೇಲೆ ಹೇಳತೊಡಗಿದಳು. ಆ ವರ್ಷ ಹೊಳೆದಂಡೆಯ ಅಪ್ಪೆಮಾವಿನ ಮರ ಎಂದೂ ಇಲ್ಲದಷ್ಟು ಬಿಟ್ಟಿತ್ತಂತೆ. ಮಳೆಗಾಲಕ್ಕೆ ಮರ ಮುಳುಗುತ್ತದೆಂದು ತಿಳಿದೇ ಅಜ್ಜಿ ತೊಟ್ಟು ಮುರಿಯದಂತೆ ಮಿಡಿ ಕೊಯ್ಯಿಸಿ ಉಪ್ಪಿನಲ್ಲಿ ಹಾಕಿದಳು. ಊರು ಬಿಡುವ ದಿನ ಸಾಮಾನೆಲ್ಲ ಲಾರಿಯ ಹಿಂದೆ ಹೋಯಿತು, ಭರಣಿ ಮಾತ್ರ ಅವಳ ಮಡಿಲಲ್ಲಿ. ಸಣ್ಣ ಮಗುವನ್ನು ಚಿಕ್ಕಜ್ಜಿಯ ಕೈಗೆ ಕೊಟ್ಟಳು. ಹೊಸ ಜಾಗದಲ್ಲಿ ಎರಡು ವರ್ಷ, ಹಬ್ಬಕ್ಕೆ ಮಾತ್ರ ಒಬ್ಬೊಬ್ಬರ ಎಲೆಗೆ ಒಂದೊಂದೇ ಮಿಡಿ. "ಕೊನೆಯ ಮಿಡಿಯನ್ನು ನಿನ್ನ ಅಪ್ಪನಿಗೆ ಬಡಿಸಿ ಒಳಗೆ ಹೋಗಿ ಅತ್ತಳು" ಎಂದಳು ಚಿಕ್ಕಜ್ಜಿ.

ಅಪ್ಪನಿಗೆ ಆಗ ಏಳು ವರ್ಷ. ಈ ಸಂಗತಿ ಅವರಿಗೆ ಗೊತ್ತಿರಲಿಲ್ಲ. ನಾನು ಓದಿ ಹೇಳಿದಾಗ ಎದ್ದು ಅಂಗಳಕ್ಕೆ ಹೋದರು.

ಇದಾದ ಮೇಲೆ ನನ್ನದೇ ನೆನಪೊಂದು ಬಿಡಿಸಿಕೊಂಡಿತು. ಮಳೆಗಾಲದಲ್ಲಿ ಪೇಪರ್ ಬಂದ ಕೂಡಲೇ ಅಜ್ಜಿ ನನ್ನಿಂದ ಜಲಾಶಯದ ಮಟ್ಟ ಓದಿಸುತ್ತಿದ್ದಳು. ಗರಿಷ್ಠ 1819 ಅಡಿ, ಇಂದು ಇಷ್ಟು. ಓದು ಕಲಿಸಲಿಕ್ಕೆ ಎಂದುಕೊಂಡಿದ್ದೆ. ನೀರು ಅವಳ ಅಂಗಳದ ಮೇಲೆ ಎಷ್ಟು ಏರಿತು ಎಂದು ಅವಳು ಲೆಕ್ಕ ಹಾಕುತ್ತಿದ್ದಳು.

ಅವಳ ದನಿ ಮೊಬೈಲಿನಲ್ಲಿ ಹನ್ನೊಂದು ನಿಮಿಷ ಮಾತ್ರ ಇದೆ. ಅದನ್ನು ತಿದ್ದದೆ, ಕೆಮ್ಮಿದ ಕಡೆ ಕೆಮ್ಮಿದಳೆಂದೇ ಬರೆದು, ಅವಳ ಮಾತಿನ ಧಾಟಿಯಲ್ಲೇ ಅಚ್ಚು ಹಾಕಿಸಿದೆ. ಇನ್ನೂ ಹೆಚ್ಚು ಏಕೆ ಕೇಳಿಕೊಳ್ಳಲಿಲ್ಲ ಎಂಬ ನೋವು ಇದ್ದೇ ಇದೆ.

ಪುಸ್ತಿಕೆ 24 ಪುಟವಾಯಿತು. ವರ್ಷಾಂತಿಕದ ಮರುದಿನ ಬೆಳಿಗ್ಗೆ ಚಿಕ್ಕಜ್ಜಿಯ ಫೋನು ಬಂತು. "ಭರಣಿಯ ಬಿರುಕು ಲಾರಿಯಲ್ಲಿ ಆದದ್ದೆಂದು ಬರೆದಿದ್ದೀಯಲ್ಲ, ಅಲ್ಲ. ಅದು ಅವಳ ಮದುವೆಗೂ ಮೊದಲಿನದು. ಪೆನ್ನು ತೆಗೆದುಕೊ, ಹೇಳುತ್ತೇನೆ."