ಸ್ಪೀಕರ್ ಕೇಳಲು ಹೋಗುವ ಮುಂಚೆ ಮನೆಯವರ ಹಾಡು ಕೂಡಿಹಾಕಿಕೊಳ್ಳಿ

ಲಕ್ಷ ದಾಟುವ ಸ್ಪೀಕರ್ ಜೋಡಿ ತಗೋಬೇಕು ಅಂತ ಚಿಕ್ಕಬಳ್ಳಾಪುರದಲ್ಲಿ ಯಾರಾದರೂ ನನ್ನ ಹತ್ತಿರ ಬಂದರೆ, ಮನೆಯಲ್ಲಿ ಯಾರ್ಯಾರು ಏನೇನು ಕೇಳ್ತೀರಿ ಅಂತ ಮೊದಲು ವಿಚಾರಿಸುತ್ತೇನೆ. ಬ್ರ್ಯಾಂಡಿನ ಮಾತು ಆಮೇಲೆ. ನಮ್ಮ ಮನೆಯನ್ನೇ ನೋಡಿ: ಅಮ್ಮನಿಗೆ ತತ್ವಪದ, ನನ್ನಾಕೆಗೆ ಎಪ್ಪತ್ತರ ದಶಕದ ಸಿನಿಮಾ ಹಾಡು, ಮಗನಿಗೆ ಗಿಟಾರು ಡ್ರಮ್ಸಿನ ಅಬ್ಬರ, ನನಗೆ ಕರ್ನಾಟಕ ಸಂಗೀತ. ಇಷ್ಟನ್ನೂ ಒಂದೇ ಜೋಡಿ ಹೊರಬೇಕು.

ಹಾಗಾಗಿ ಒಬ್ಬೊಬ್ಬರಿಂದಲೂ ಒಂದೆರಡು ಹಾಡು ಕೇಳಿ ಪೆನ್ ಡ್ರೈವಿಗೆ ಹಾಕಿಕೊಳ್ಳಿ. ಸಿಡಿಯಿಂದ ತೆಗೆದದ್ದು ಅಥವಾ ಫ್ಲಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ) ಫೈಲ್ ಆದರೆ ಒಳ್ಳೆಯದು. ಕಳಪೆ ರೆಕಾರ್ಡಿಂಗಿನ ಹಾಡೂ ಒಂದಿರಲಿ, ಯಾಕೆಂದರೆ ಮನೆಯಲ್ಲಿ ದಿನಾ ಓಡುವುದು ಅಂಥವೇ. ಅಂಗಡಿಯವರ ಡೆಮೊ ಹಾಡು ಯಾವ ಸ್ಪೀಕರಿನಲ್ಲೂ ಸೊಗಸಾಗೇ ಇರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಬೆಂಗಳೂರಿನ ಅಂಗಡಿಗೆ ಮೊದಲೇ ಫೋನ್ ಮಾಡಿ, ನಿಮ್ಮ ಆಂಪ್ಲಿಫೈಯರ್ ಯಾವುದು ಅಂತ ತಿಳಿಸಿ, ವಾರದ ದಿನ ಬೆಳಿಗ್ಗೆ ಹೋಗಿ.

ಎರಡು ಜೋಡಿ ಹೋಲಿಸುವಾಗ ಸದ್ದು ಸಮ ಇರಲೇಬೇಕು. ಒಂದು ಡೆಸಿಬಲ್ ಜೋರಿದ್ದರೂ ಕಿವಿ ಅದನ್ನೇ ಚೆನ್ನ ಅನ್ನುತ್ತದೆ. ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರಿಗೆ ಎಷ್ಟು ಡೆಸಿಬಲ್ ಸದ್ದು ಕೊಡುತ್ತದೆ ಅನ್ನುವ ಅಂಕಿ, 87 ಇರುವ ಸ್ಪೀಕರಿನ ಪಕ್ಕ 90ರದ್ದು ಇಟ್ಟರೆ, ವಾಲ್ಯೂಮ್ ಮುಟ್ಟದಿದ್ದರೂ ಎರಡನೆಯದು 3 ಡೆಸಿಬಲ್ ಜೋರು. ಫೋನಿನಲ್ಲಿ ಡೆಸಿಬಲ್ ಆಪ್ ಹಾಕಿಕೊಂಡು, ಕೂತ ಜಾಗದಲ್ಲಿ ಎರಡಕ್ಕೂ 75ರ ಆಸುಪಾಸು ಒಂದೇ ಅಂಕಿ ಬರುವಂತೆ ಮಾಡಿ. ಬ್ಲೂಟೂತ್ ಬೇಡ, ವೈರಿನಲ್ಲೇ ಕೇಳಿ.

ನಮ್ಮ ಕಡೆಯವರಿಗೆ ಒಂದು ಭಾಗ್ಯ ಇದೆ: ಮೈಕಿಲ್ಲದ ನಿಜವಾದ ಸದ್ದು ಹತ್ತಿರದಿಂದ ಕೇಳಿ ಬೆಳೆದಿದ್ದೇವೆ. ಈ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗಾಗಿಯೇ. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ತಮಟೆಯಲ್ಲಿ ಸಣ್ಣ ಕಡ್ಡಿಯ ಚಟಚಟ ಬೇರೆ, ದಪ್ಪ ಕೋಲಿನ ಪೆಟ್ಟು ಬೇರೆ. ತಮಟೆಯ ರೆಕಾರ್ಡಿಂಗೂ ಒಂದು ಹಾಕಿ ಕೇಳಿ: ಒಳ್ಳೆಯ ಸ್ಪೀಕರ್ ಎರಡನ್ನೂ ಬಿಡಿಬಿಡಿಯಾಗಿ ಕೊಡುತ್ತದೆ, ಪೆಟ್ಟು ಬಿದ್ದು ತಕ್ಷಣ ನಿಲ್ಲುತ್ತದೆ. ಮೃದಂಗದ ಎಡಗಡೆಯ ಪೆಟ್ಟೂ ಅಷ್ಟೇ: ಗುಮಕಿ ಇರಬೇಕು, ಆದರೆ ಮುಂದಿನ ಪೆಟ್ಟಿನ ಮೇಲೆ ಹರಡಬಾರದು. ಇವೆರಡು ಸರಿ ಬಂದರೆ ಮಗನ ಡ್ರಮ್ಸೂ ಬಹುಮಟ್ಟಿಗೆ ಸರಿ ಬರುತ್ತದೆ.

ಹಳೆಯ ಸಿನಿಮಾ ಹಾಡುಗಳು ಹೆಚ್ಚಾಗಿ ಮೋನೊ, ಅಂದರೆ ಎರಡೂ ಪೆಟ್ಟಿಗೆಗಳಿಂದ ಒಂದೇ ಸದ್ದು ಬರುತ್ತದೆ. ಗಾಯಕರ ದನಿ ಎರಡೂ ಪೆಟ್ಟಿಗೆಗಳ ನಟ್ಟನಡುವೆ ನಿಲ್ಲಬೇಕು. ‘ಸ’, ‘ಶ’ ಬಂದಾಗ ಕಿವಿ ಚುಚ್ಚಿದರೆ ಆ ಜೋಡಿ ಬಿಟ್ಟುಬಿಡಿ. ಅಂಥದ್ದು ಅಂಗಡಿಯಲ್ಲಿ ಐದು ನಿಮಿಷ ಸ್ಪಷ್ಟ ಅನ್ನಿಸುತ್ತದೆ, ಅರ್ಧ ಗಂಟೆಗೆ ತಲೆ ನೋಯುತ್ತದೆ. ಆದ್ದರಿಂದ ಅರ್ಧ ಗಂಟೆ ಕೂತೇ ಕೇಳಿ. ಆಮೇಲೆ ಸದ್ದು ತೀರಾ ತಗ್ಗಿಸಿ ತತ್ವಪದ ಹಾಕಿ. ಅಮ್ಮ ಕೇಳುವುದು ಬೆಳಗಿನ ಜಾವ, ಮಿಕ್ಕವರು ಮಲಗಿರುವಾಗ. ಆಗಲೂ ಸಾಹಿತ್ಯದ ಒಂದೊಂದು ಅಕ್ಷರ ತಿಳಿಯಬೇಕು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಠಿಣ ಪರೀಕ್ಷೆ ಇದೇ.

ಇನ್ನು ಕೋಣೆ. ಕಲ್ಲು ಚಪ್ಪಡಿ ಸೂರು, ಗ್ರಾನೈಟ್ ನೆಲದ ಹಜಾರದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಸದ್ದು ಕಿಣಿಕಿಣಿ ಎಂದು ಉಳಿಯುತ್ತದೆ. ಜಮಖಾನ, ದಪ್ಪ ಪರದೆ ಹಾಕದೆ ಎಷ್ಟು ದುಬಾರಿ ಪೆಟ್ಟಿಗೆ ತಂದರೂ ಪ್ರಯೋಜನವಿಲ್ಲ. ಎದುರುಬದುರು ಗೋಡೆಗಳ ನಡುವೆ 12 ಅಡಿ ಇದ್ದರೆ ಸುಮಾರು 47 ಹರ್ಟ್ಸಿನಲ್ಲಿ ಬೇಸ್ (ತಗ್ಗು ಸ್ವರದ ಗುಂಯ್‌ಗುಡುವ ಸದ್ದು) ಉಬ್ಬಿಕೊಳ್ಳುತ್ತದೆ. ಅಂಥ ಕೋಣೆಗೆ ಆಳುದ್ದದ ಸ್ಪೀಕರಿಗಿಂತ, ಸ್ಟ್ಯಾಂಡಿನ ಮೇಲಿಡುವ ಆರೂವರೆ ಇಂಚು ವೂಫರಿನದ್ದೇ (ವೂಫರ್ ಅಂದರೆ ಬೇಸ್ ಕೊಡುವ ದೊಡ್ಡ ಬಿಲ್ಲೆ) ನನಗೆ ಒಪ್ಪಿಗೆ. ಹಿಂಬದಿ ತೂತಿರುವ ಪೆಟ್ಟಿಗೆಯಾದರೆ ಗೋಡೆಯಿಂದ ಒಂದೆರಡು ಅಡಿ ಮುಂದೆ ಎಳೆಯಲು ಜಾಗ ಬೇಕು.

ಕೊನೆಗೆ ಉಳಿದ ಒಂದು ಜೋಡಿಯನ್ನು ಮನೆಗೆ ತಂದು ಕೇಳಲು ಅವಕಾಶ ಕೇಳಿ. ಮನೆಯಲ್ಲಿ ಹಿಡಿಸದಿದ್ದರೆ ಎಷ್ಟು ದಿನದೊಳಗೆ ಹಿಂದಿರುಗಿಸಬಹುದು, ಸಾಗಾಟದ ಖರ್ಚು ಯಾರದು ಅನ್ನುವುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.