ಎಲೆಕ್ಟ್ರಿಕ್ ಕಾರಲ್ಲಿ ಏನೋ ಸೌಂಡಾ? ಮೋಟಾರ್ ಬಿಡಿ, ಮೊದ್ಲು ಟೈರ್ ಸವರಿ ನೋಡಿ

ನಮ್ಮ ಭಾಮೈದನ ಎಲೆಕ್ಟ್ರಿಕ್ ಕಾರು ಎರಡನೇ ವರ್ಷಕ್ಕೆ ಗುಂಯ್ ಅನ್ನೋಕೆ ಶುರು ಮಾಡ್ತು. ಮೋಟಾರ್ ಹೋಯ್ತು ಅಂತ ಎರಡು ರಾತ್ರಿ ನಿದ್ದೆಗೆಟ್ಟ, ಆಮೇಲೆ ಯಾರ್ದೋ ಮಾತು ಕೇಳಿ ಮುಂದಿನ ಎರಡೂ ವೀಲ್ ಬೇರಿಂಗ್ ಬದಲಾಯಿಸ್ಕೊಂಡು ಬಂದ, ಮಾರನೇ ದಿನ ಅದೇ ಗುಂಯ್. ನಾನು ಹೋಗಿ ಹಿಂದಿನ ಟೈರಿನ ಒಳ ಅಂಚಿಗೆ ಕೈ ಆಡಿಸಿದ್ರೆ ಗರಗಸದ ಹಲ್ಲು ಸವರಿದ ಹಾಗಿತ್ತು. ಅಷ್ಟೇ ಸಮಸ್ಯೆ. ಇಂಜಿನ್ ಗದ್ದಲ ಇಲ್ಲದ ಗಾಡಿ ಅಲ್ವಾ, ಪೆಟ್ರೋಲ್ ಕಾರಲ್ಲಿ ಮುಚ್ಚಿಹೋಗ್ತಿದ್ದ ಸಣ್ಣಪುಟ್ಟ ಸದ್ದೆಲ್ಲ ಇದ್ರಲ್ಲಿ ಕಿವಿಗೆ ಬೀಳುತ್ತೆ.

1. ಮೊದ್ಲು ಡಿಕ್ಕಿ ಖಾಲಿ ಮಾಡಿ. ಜಾಕ್, ಪಾನಾ, ಚಾರ್ಜರ್ ಬ್ಯಾಗು, ಡೋರ್ ಪಾಕೆಟ್ಟಲ್ಲಿರೋ ಸ್ಟೀಲ್ ಬಾಟ್ಲು, ಎಲ್ಲಾ ಹೊರಗೆ. ಅರ್ಧ ಕಂಪ್ಲೇಂಟು ಇಲ್ಲೇ ಮುಗಿಯುತ್ತೆ.

2. ಯಾವ ಸದ್ದು ಮಾಮೂಲಿ ಅಂತ ತಿಳ್ಕೊಳ್ಳಿ. ಸ್ಟಾರ್ಟ್ ಬಟನ್ ಒತ್ತಿದಾಗ, ಚಾರ್ಜಿಂಗ್ ಶುರುವಾದಾಗ ಸೀಟ್ ಕೆಳಗೆ ಟಕ್ ಅಂದ್ರೆ ಅದು ಬ್ಯಾಟರಿಯ ಕಾಂಟ್ಯಾಕ್ಟರ್ (ಕರೆಂಟ್ ಬಿಡೋ ದೊಡ್ಡ ಸ್ವಿಚ್ಚು) ಕೂಡಿಕೊಂಡಿದ್ದು. ಫಾಸ್ಟ್ ಚಾರ್ಜಿಂಗಲ್ಲಿ ಫ್ಯಾನು, ಎಸಿ ಕಂಪ್ರೆಸರ್ ಹೊಡ್ಕೊಳ್ಳೋದು ಬ್ಯಾಟರಿ ತಣ್ಣಗಿಡೋಕೆ. ನಿಧಾನಕ್ಕೆ ಹೋಗುವಾಗ, ರಿವರ್ಸಲ್ಲಿ ಊಳಿಟ್ಟ ಹಾಗೆ ಬಂದು ಸುಮಾರು 20 ಕಿಲೋಮೀಟರ್ ಸ್ಪೀಡ್ ದಾಟಿದ್ಮೇಲೆ ನಿಂತುಹೋದ್ರೆ ಅದು ನಡ್ಕೊಂಡು ಹೋಗೋರಿಗೆ ಗೊತ್ತಾಗ್ಲಿ ಅಂತ ಸ್ಪೀಕರಿಂದ ಬೇಕಂತಲೇ ಬಿಡೋ ಸೌಂಡು.

3. ಈಗ ಎಲ್ರೂ ಎಡವೋ ಜಾಗ. ಗುಂಯ್ ಅನ್ನೋದು ಟೈರಾ, ಬೇರಿಂಗಾ, ಗೇರಾ?

ಪೆಟ್ರೋಲ್ ಕಾರಲ್ಲಿ ಕಲ್ತೋರು ಆಕ್ಸಿಲರೇಟರಿಂದ ಕಾಲು ತೆಗೆದು ಕಿವಿ ಕೊಡ್ತಾರೆ. ಇಲ್ಲಿ ಅದು ನಡಿಯಲ್ಲ, ಯಾಕಂದ್ರೆ ಕಾಲು ತೆಗೆದ ತಕ್ಷಣ ರೀಜೆನ್ (ಗಾಡಿಯ ವೇಗ ಕುಗ್ಗಿಸ್ತಾ ಬ್ಯಾಟರಿಗೆ ಕರೆಂಟ್ ವಾಪಸ್ ತುಂಬೋದು) ಶುರುವಾಗಿ ಮೋಟಾರು ಜನರೇಟರ್ ಥರ ಎಳೆಯುತ್ತೆ, ಗೇರಿನ ಮೇಲಿನ ಲೋಡು ಇಳಿಯಲ್ಲ, ಉಲ್ಟಾ ಕಡೆಯಿಂದ ಬೀಳುತ್ತೆ ಅಷ್ಟೇ. ಹಾಗಾಗಿ ರೀಜೆನ್ ಸೊನ್ನೆಗಿಳಿಸಿ, ಆ ಆಪ್ಷನ್ ಇಲ್ದಿದ್ರೆ ಖಾಲಿ, ನೇರ, ಸಮತಟ್ಟಾದ ರಸ್ತೇಲಿ 60ಕ್ಕೆ ಹೋಗಿ ನ್ಯೂಟ್ರಲ್, ಅಂದ್ರೆ ಎನ್‌ಗೆ ಹಾಕಿ (ಘಾಟಿ ಇಳಿಯುವಾಗ ಈ ಸಾಹಸ ಬೇಡ). ಸದ್ದು ತಟ್ಟನೆ ಹೋಯ್ತಾ, ಕಾಲು ಒತ್ತಿದ ತಕ್ಷಣ ಕುಯ್ಯ್ ಅಂತ ವಾಪಸ್ ಬಂತಾ, ಹಾಗಿದ್ರೆ ಮೋಟಾರ್, ಇನ್ವರ್ಟರ್ ಅಥವಾ ಗೇರ್‌ಬಾಕ್ಸ್ ಕಡೇದು, ಸಣ್ಣದಾಗಿದ್ರೆ ಹುಟ್ಟುಗುಣ, ಮೊದ್ಲಿಗಿಂತ ಜಾಸ್ತಿ ಆಗಿದ್ರೆ ಸರ್ವಿಸ್ ಸೆಂಟರ್‌ಗೆ ಹೋಗಿ. ಎನ್‌ನಲ್ಲೂ ಅದೇ ಗುಂಯ್ ಇದ್ದು, ಸ್ಪೀಡ್ ಇಳಿದ ಹಾಗೆ ಅದೂ ಇಳಿದ್ರೆ ಹೆಚ್ಚಾಗಿ ಟೈರು ಇಲ್ಲಾ ಬೇರಿಂಗು.

ಇವೆರಡನ್ನ ಬೇರೆ ಮಾಡೋಕೆ ರಸ್ತೆನೇ ಸಾಕು. ಬೆಂಗಳೂರಲ್ಲಿ ವೈಟ್‌ಟಾಪಿಂಗ್ ಕಾಂಕ್ರೀಟ್ ಮುಗಿದು ಡಾಂಬರು ಶುರುವಾಗೋ ಜಾಗ ಬೇಕಾದಷ್ಟಿವೆ, ಅಂಥ ಕಡೆ ಒಂದೇ ಸ್ಪೀಡಲ್ಲಿ ದಾಟಿ. ಸದ್ದಿನ ದನಿ ಬದಲಾದ್ರೆ ಟೈರು, ಬೇರಿಂಗಿಗೆ ಕೆಳಗೆ ಯಾವ ರಸ್ತೆ ಅಂತ ಗೊತ್ತಾಗಲ್ಲ. ಆಮೇಲೆ ಉದ್ದನೆ ತಿರುವಲ್ಲಿ ಕೇಳಿ: ಎಡಕ್ಕೆ ತಿರುಗಿದಾಗ ಭಾರ ಬಲಗಡೆಗೆ ವಾಲುತ್ತೆ, ಆಗ ಗೊರ್ರ್ ಅನ್ನೋದು ಜಾಸ್ತಿಯಾದ್ರೆ ಸಾಮಾನ್ಯವಾಗಿ ಬಲಗಡೆ ಬೇರಿಂಗು. ಕೊನೇಲಿ ಗಾಡಿ ನಿಲ್ಸಿ ಟೈರಿಗೆ ಅಂಗೈ ಆಡ್ಸಿ, ಮುಂದಕ್ಕೊಂದ್ಸಲ, ಹಿಂದಕ್ಕೊಂದ್ಸಲ, ಒಳ ಅಂಚು ಬಿಡಬೇಡಿ. ಒಂದು ಕಡೆ ಸವರಿದ್ರೆ ನುಣುಪು, ಇನ್ನೊಂದು ಕಡೆ ಸವರಿದ್ರೆ ಚುಚ್ಚುತ್ತೆ ಅಂದ್ರೆ ಕಳ್ಳ ಸಿಕ್ಕ. ಬ್ಯಾಟರಿ ಭಾರಕ್ಕೆ ಟೈರು ಬೇಗ ಸವೆಯುತ್ತೆ, ಅದ್ರ ಮೇಲೆ ಅಲೈನ್‌ಮೆಂಟ್ ಮಾಡ್ಸೋದನ್ನ ಮುಂದಕ್ಕೆ ಹಾಕ್ಕೊಂಡು ಬಂದಿರ್ತೀವಿ. ಆಮೇಲೂ ಅನುಮಾನ ಇದ್ರೆ ಮುಂದಿನ ಟೈರು ಹಿಂದಕ್ಕೆ, ಹಿಂದಿಂದು ಮುಂದಕ್ಕೆ ಹಾಕ್ಸಿ, ಸದ್ದೂ ಜಾಗ ಬದಲಾಯಿಸಿದ್ರೆ ಟೈರೇ. ಈ ಕೆಲ್ಸಕ್ಕೆ ಮನೇಲಿ ಜಾಕ್ ಹಾಕಬೇಡಿ, ಜಾಗ ತಪ್ಪಿ ಬ್ಯಾಟರಿ ಕೇಸಿಗೆ ಕೊಟ್ರೆ ಟೈರಿನ ದುಡ್ಡಲ್ಲಿ ಮುಗಿಯಲ್ಲ, ಪಂಕ್ಚರ್ ಅಂಗಡಿಯವರಿಗೂ ಜಾಕ್ ಪಾಯಿಂಟ್ ನೀವೇ ನಿಂತು ತೋರ್ಸಿ.

4. ಬ್ರೇಕಲ್ಲಿ ಕರ್ರ್ ಅಂದ್ರೆ ಹೆಚ್ಚಾಗಿ ತುಕ್ಕು. ರೀಜೆನ್ ಇರೋದ್ರಿಂದ ಪ್ಯಾಡುಗಳಿಗೆ ಕೆಲ್ಸನೇ ಇಲ್ಲ, ಮಳೇಲಿ ನೆನೆದು ನಿಂತ ಡಿಸ್ಕ್ ಕೆಂಪಾಗಿರುತ್ತೆ. ರೀಜೆನ್ ಕಮ್ಮಿ ಮಾಡಿ, ಹಿಂದೆ ಯಾರೂ ಇಲ್ಲದಾಗ ಐದಾರು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ. ಹೋಗ್ಲಿಲ್ಲ ಅಂದ್ರೆ ಪ್ಯಾಡ್ ಚೆಕ್ ಮಾಡ್ಸಿ. ಡಿಸ್ಕಿಗೆ ಆಯಿಲ್ ಸ್ಪ್ರೇ ಹೊಡೆಯೋರನ್ನ ಕಣ್ಣಾರೆ ನೋಡಿದೀನಿ, ಸದ್ದು ಹೋಗುತ್ತೆ ಸ್ವಾಮಿ, ಬ್ರೇಕೂ ಹೋಗುತ್ತೆ.

5. ಹಂಪ್ ಮೇಲೆ ಡಬ್ ಅಂದ್ರೆ ಹೆಚ್ಚಾಗಿ ಸಸ್ಪೆನ್ಷನ್ನಿನ ಲಿಂಕ್ ರಾಡು, ರಬ್ಬರ್ ಬುಷ್ಷು. ಸ್ಟೀರಿಂಗ್ ಪೂರ್ತಿ ತಿರುಗ್ಸಿ ಹೊರಟಾಗ ಕಟಕಟ ಅಂದ್ರೆ ಆಕ್ಸಲ್ ಜಾಯಿಂಟು. ಹೈವೇಲಿ ಮಾತ್ರ ಪಟಪಟ ಬಡ್ಕೊಂಡ್ರೆ ಕೆಳಗಿನ ಪ್ಲಾಸ್ಟಿಕ್ ಕವರಿನ ಕ್ಲಿಪ್ಪು ಬಿಟ್ಟಿದೆ. ಸ್ಪ್ರಿಂಗ್ ಮಧ್ಯೆ ತುರುಕೋ ರಬ್ಬರ್ ಬಫರ್ ಮಾರೋರು ಬರ್ತಾರೆ, ದಯವಿಟ್ಟು ತಗೋಬೇಡಿ, ಬುಷ್ ಸವೆದಿದ್ದು ಹಾಗೇ ಇರುತ್ತೆ, ಸೊಂಟ ನಿಮ್ದು ಹೋಗುತ್ತೆ.

6. ಬಾನೆಟ್ ತೆಗೆದು ಕಿವಿ ಕೊಡಿ, ಕೈ ಕೊಡಬೇಡಿ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಇರೋ ಕಡೆ ನಮ್ಮನಿಮ್ಮಂಥೋರ ಪಾನಾಗೆ ಕೆಲ್ಸ ಇಲ್ಲ.

7. ಸರ್ವಿಸ್ ಸೆಂಟರಲ್ಲಿ "ಏನೋ ಸೌಂಡ್ ಬರುತ್ತೆ" ಅಂತ ಬರೆಸಿದ್ರೆ ಗಾಡಿ ತೊಳೆದು ವಾಪಸ್ ಕೊಡ್ತಾರೆ. "60ರಲ್ಲಿ, ಎನ್‌ನಲ್ಲೂ ಬರುತ್ತೆ, ಎಡಕ್ಕೆ ತಿರುಗಿದ್ರೆ ಜಾಸ್ತಿ" ಅಂತ ಬರೆಸಿ. ಪಕ್ಕದಲ್ಲಿ ಕೂತೋರ ಹತ್ರ ಮೊಬೈಲಲ್ಲಿ ರೆಕಾರ್ಡ್ ಮಾಡ್ಸಿ, ಸ್ಪೀಡೋಮೀಟರ್ ಫ್ರೇಮಲ್ಲಿರ್ಲಿ. ಆಮೇಲೆ ಅಡ್ವೈಸರ್ ಕೈಗೆ ಕೀ ಕೊಡೋಕೆ ಮುಂಚೆ ಮೆಕ್ಯಾನಿಕ್‌ನ ಪಕ್ಕದಲ್ಲಿ ಕೂರಿಸ್ಕೊಂಡು ಅದೇ ರಸ್ತೇಲಿ ಒಂದು ರೌಂಡ್ ಹೋಗ್ಬನ್ನಿ, ಎಫ್‌ಎಂ ಆಫ್ ಮಾಡಿ.