ಕಾಡಲ್ಲಿ ಹೊಸ ಹೂ ಕಂಡರೆ ಮುಂದೇನು?

ಉತ್ತರ ಕನ್ನಡದ ದೇವಿಮನೆ ಘಟ್ಟದಲ್ಲೋ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲೋ (ರಾಮಪತ್ರೆ ಮರಗಳ ಜೌಗು ಕಾಡು) ಯಾವತ್ತೂ ನೋಡದ ಹೂವೊಂದು ಕಂಡಿತು ಅಂದುಕೊಳ್ಳಿ. ಕಂಡ ಕೂಡಲೇ ಕೀಳಬೇಡಿ. ಇಡೀ ಗಿಡ, ಎಲೆಯ ಎರಡೂ ಮೈ, ಹೂವಿನ ಎದುರು, ಪಕ್ಕ ಎಲ್ಲದರ ಫೋಟೋ ತೆಗೆಯಿರಿ. ಜಾಗ, ದಿನಾಂಕ ಬರೆದಿಡಿ. ಸುತ್ತ ಅಂಥ ಗಿಡ ಎಷ್ಟಿವೆ ಅಂತ ಎಣಿಸಿ. ಕೊಂಬೆ ಕೊಯ್ಯಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಹಾಗಾಗಿ ಮೊದಲೇ ಸಸ್ಯತಜ್ಞರೊಬ್ಬರನ್ನು ಜೊತೆ ಮಾಡಿಕೊಳ್ಳಿ. ಶಿರಸಿಯಲ್ಲೇ ಅರಣ್ಯ ಕಾಲೇಜಿದೆ.

ಹೂ ತಾಜಾ ಇರುವಾಗಲೇ ಅರ್ಧ ಕೆಲಸ ಮುಗಿಯಬೇಕು. ಕಾಡು ಕರ್ಣಕುಂಡಲವನ್ನೇ ನೋಡಿ. ಹೂವಿನ ಹಿಂದೆ ಬಾಲದಂಥ ಸಣ್ಣ ಕೊಳವೆ. ಅದು ಎಷ್ಟು ಮಿಲಿಮೀಟರ್, ನೆಟ್ಟಗಿದೆಯೋ ಡೊಂಕೋ ಅನ್ನುವುದೂ ಪ್ರಭೇದ ಗುರುತಿಸಲು ಬೇಕು. ಒಣಗಿದ ಮೇಲೆ ಎಸಳುಗಳು ಒಂದಕ್ಕೊಂದು ಅಂಟುತ್ತವೆ, ಬಣ್ಣವೂ ಹೋಗುತ್ತದೆ. ಚಿಮಟದಿಂದ ಒಂದೊಂದೇ ಎಸಳು ಬಿಡಿಸಿ, ಅಳೆದು ಬರೆಯಿರಿ. ಒಂದೆರಡು ಹೂ ಸ್ಪಿರಿಟ್ ಬಾಟಲಿಗೆ, ಉಳಿದ ಕೊಂಬೆ ಹಳೆ ಪೇಪರಿನ ನಡುವೆ. ನಮ್ಮ ಮಳೆಗಾಲದಲ್ಲಿ ಪೇಪರನ್ನು ದಿನಾ ಬದಲಿಸಬೇಕು. ಎರಡು ದಿನ ಬಿಟ್ಟಿದ್ದಕ್ಕೆ ನಾನು ಒಣಗಿಸಲಿಟ್ಟ ಕೊಂಬೆಗೆ ಬೂಸಲು ಹಿಡಿಯಿತು. ಆ ಹೂ ಮತ್ತೆ ಸಿಗಲು ಒಂದು ವರ್ಷ ಕಾಯಬೇಕಾಯಿತು.

ಒಂದೇ ಮರದ ಕೊಂಬೆ ಸಾಲದೆಯೂ ಇರಬಹುದು. ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕಿ 2000ರಲ್ಲಿ ಹೊಸ ಪ್ರಭೇದವೆಂದು ಪ್ರಕಟವಾದ, ಗೇರಿನ ನೆಂಟ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್‌ನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂವಿಗೊಮ್ಮೆ, ಕಾಯಿಗೊಮ್ಮೆ ಹೋಗಲೇಬೇಕು ಅಲ್ವಾ?

ಆಮೇಲಿನದು ಹೋಲಿಸುವ ಕೆಲಸ. ನನ್ನ ಪ್ರಕಾರ ಅಸಲಿ ಕೆಲಸ ಇದೇ. ನಮಗೆ ಹೊಸದಾದರೆ ವಿಜ್ಞಾನಕ್ಕೂ ಹೊಸದು ಅಂತಲ್ಲ. ಕೆನರಾ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಾಲ್ಬಟ್ 1909 ಮತ್ತು 1911ರಲ್ಲಿ ತಂದ, ಕಾಡಿನ ಸಸ್ಯಗಳ ಎರಡು ಸಂಪುಟಗಳಲ್ಲೇ ಅದು ಸಿಕ್ಕಿಬಿಡಬಹುದು. ಬೆಂಗಳೂರಿನ ಐಐಎಸ್‌ಸಿ, ಪುಣೆ, ಹೌರಾಗಳ ಹರ್ಬೇರಿಯಂಗಳಲ್ಲಿ ಒಣಗಿಸಿಟ್ಟ ಹಳೆಯ ಮಾದರಿಗಳ ಪಕ್ಕ ನಿಮ್ಮದನ್ನು ಇಟ್ಟು ನೋಡಿ. ಎಲೆ ಅಗಲ ಇದೆ ಅಂದರೆ ಸಾಲದು. ನೆರಳಲ್ಲಿ ಬೆಳೆದ ಗಿಡಕ್ಕೂ ಅಗಲ ಎಲೆ ಬರುತ್ತದೆ. ಹೂ, ಕಾಯಿ, ಬೀಜಗಳಲ್ಲಿ ಎಲ್ಲ ಗಿಡಗಳಲ್ಲೂ ತಪ್ಪದೆ ಕಾಣುವ ವ್ಯತ್ಯಾಸ ಬೇಕು.

ಅದು ಸಿಕ್ಕರೆ ಹೆಸರು. ಲ್ಯಾಟಿನ್ ರೂಪದ ಎರಡು ಪದ. ಯಾವುದರಿಂದ ಹೇಗೆ ಬೇರೆ ಎಂಬ ಸಣ್ಣ ವಿವರಣೆ 2011ರವರೆಗೆ ಲ್ಯಾಟಿನ್‌ನಲ್ಲೇ ಇರಬೇಕಿತ್ತು, 2012ರಿಂದ ಇಂಗ್ಲಿಷೂ ನಡೆಯುತ್ತದೆ. ಒಂದು ಮಾದರಿಯನ್ನು ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಮಾದರಿ, ಎಂದು ಆರಿಸಿ, ಯಾವ ಹರ್ಬೇರಿಯಂನಲ್ಲಿ ಇಟ್ಟಿದ್ದೀರಿ ಎಂದು ಬರೆಯಬೇಕು. ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ದಿನದಿಂದಲೇ ಆ ಹೆಸರಿಗೆ ಮಾನ್ಯತೆ.

ಗಿಡಗಳು ಹತ್ತಿಪ್ಪತ್ತೇ ಇದ್ದರೆ ಜಾಗದ ಗುರುತನ್ನು ವಾಟ್ಸಾಪ್‌ನಲ್ಲಿ ಹಾಕಬೇಡಿ. ಇಲಾಖೆಗೆ ಮಾತ್ರ ತಿಳಿಸಿ.